ರೈಲ್ವೆಯೋ, ರೈಲ್‌ರೋಡೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ರೈಲಿನ ಇಂಗ್ಲಿಷಿಗೆ ಸಂಬಂಧಿಸಿದವು. ಕೇಳಿದವರಲ್ಲಿ ಅನುವಾದಕರೂ ಇದ್ದಾರೆ, ವಿದ್ಯಾರ್ಥಿಗಳೂ ಇದ್ದಾರೆ. ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಬರುವುದರಿಂದ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ‘ರೈಲ್ವೆ’ ಮತ್ತು ‘ರೈಲ್‌ರೋಡ್’ ಒಂದೇ ಅರ್ಥದ ಪದಗಳೇ? ಒಂದು ಪುಸ್ತಕದಲ್ಲಿ ರೈಲ್‌ರೋಡ್ ಎಂದರೆ ಹಳಿ ಹಾಕಿದ ದಾರಿ, ರೈಲ್ವೆ ಎಂದರೆ ಅದನ್ನು ನಡೆಸುವ ಸಂಸ್ಥೆ ಎಂದಿದೆ. ಇನ್ನೊಂದರಲ್ಲಿ ಭಾರದ ರೈಲು ಓಡುವುದು ರೈಲ್‌ರೋಡ್, ಹಗುರ ಗಾಡಿ ಓಡುವುದು ರೈಲ್ವೆ ಎಂದಿದೆ. ಯಾವುದು ಸರಿ?

ಉತ್ತರ: ಎರಡು ಪುಸ್ತಕಗಳೂ ಇಲ್ಲದ ಗೆರೆಯೊಂದನ್ನು ಎಳೆದಿವೆ. ಹಳಿ ಹಾಕಿದ ದಾರಿ, ಅದರ ಮೇಲೆ ನಡೆಯುವ ಸಾರಿಗೆ, ಅದನ್ನು ನಡೆಸುವ ಸಂಸ್ಥೆ, ಈ ಮೂರನ್ನೂ ಎರಡು ಪದಗಳೂ ಸೂಚಿಸುತ್ತವೆ. ವ್ಯತ್ಯಾಸ ಇರುವುದು ವಸ್ತುವಿನಲ್ಲಲ್ಲ, ಆಡುವವರ ನಾಡಿನಲ್ಲಿ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಭಾರತದ ಇಂಗ್ಲಿಷಿನಲ್ಲಿ ರೈಲ್ವೆ. ಅಮೆರಿಕದಲ್ಲಿ ಮಾತ್ರ ಸಾಮಾನ್ಯವಾಗಿ ರೈಲ್‌ರೋಡ್.

ಹಾಗೆಂದು ರೈಲ್‌ರೋಡ್ ಅಮೆರಿಕದಲ್ಲಿ ಹುಟ್ಟಿದ ಪದವೇನಲ್ಲ. ಎರಡೂ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಸುತ್ತ ಹುಟ್ಟಿದವು. ಉಗಿಯಂತ್ರ ಬರುವುದಕ್ಕೆ ಬಹಳ ಮೊದಲೇ ಗಣಿಯಿಂದ ನದಿಯ ದಂಡೆಯವರೆಗೆ ಮರದ ಹಳಿಗಳನ್ನು ಹಾಸಿ ಕುದುರೆಗಳಿಂದ ಬಂಡಿ ಎಳೆಸುತ್ತಿದ್ದರು. ‘ವೇ’ ಎಂದರೂ ದಾರಿ, ‘ರೋಡ್’ ಎಂದರೂ ದಾರಿ. ಬರೆಯುವವರು ಕೈಗೆ ಬಂದದ್ದನ್ನು ಬರೆದರು. 19ನೇ ಶತಮಾನದ ಮೊದಲರ್ಧದಲ್ಲಿ ಬ್ರಿಟನ್ನಿನಲ್ಲೂ ಎರಡೂ ಬಳಕೆಯಲ್ಲಿದ್ದವು. ಆದರೆ 1825ರ ಸ್ಟಾಕ್‌ಟನ್ ಆ್ಯಂಡ್ ಡಾರ್ಲಿಂಗ್ಟನ್ ರೈಲ್ವೆ, 1830ರ ಲಿವರ್‌ಪೂಲ್ ಆ್ಯಂಡ್ ಮ್ಯಾಂಚೆಸ್ಟರ್ ರೈಲ್ವೆಯಂಥ ದೊಡ್ಡ ಕಂಪನಿಗಳ ಹೆಸರಿನಲ್ಲಿ ‘ರೈಲ್ವೆ’ ನೆಲೆಯಾಯಿತು. ಶತಮಾನದ ನಡುಭಾಗ ದಾಟುವಷ್ಟರಲ್ಲಿ ರೈಲ್‌ರೋಡ್ ಅಲ್ಲಿ ಹಳೆಯ ಮಾತಾಯಿತು. ಅತ್ತ ಅಮೆರಿಕದಲ್ಲಿ 1827ರಲ್ಲಿ ಸನ್ನದು ಪಡೆದ ಬಾಲ್ಟಿಮೋರ್ ಆ್ಯಂಡ್ ಒಹಾಯೊ ಕಂಪನಿ ರೈಲ್‌ರೋಡ್ ಎಂದು ಹೆಸರಿಟ್ಟುಕೊಂಡಿತು. ಬೇರೆಯವರೂ ಅದೇ ಜಾಡು ಹಿಡಿದರು. ಇಂಗ್ಲೆಂಡ್ ಬಿಟ್ಟ ಪದವನ್ನು ಅಮೆರಿಕ ಉಳಿಸಿಕೊಂಡಿತು ಎನ್ನುವುದೇ ಸರಿಯಾದ ಚಿತ್ರ.

ಆ ಕಾಲದಲ್ಲಿ ನಿಜಕ್ಕೂ ಅರ್ಥಭೇದವಿದ್ದ ಜೋಡಿ ಬೇರೆಯೇ ಇತ್ತು: ರೈಲ್ವೆ ಮತ್ತು ಟ್ರಾಮ್‌ರೋಡ್. ರೈಲ್ವೆಯಲ್ಲಿ ಹಳಿ ಸಾದಾ, ಗಾಲಿಗೆ ಹಳಿಯ ಪಕ್ಕಕ್ಕೆ ಇಳಿದು ಹಿಡಿಯುವ ಅಂಚು. ಟ್ರಾಮ್‌ರೋಡಿನಲ್ಲಿ ಗಾಲಿ ಸಾದಾ. ಇಂಗ್ಲಿಷಿನ ಎಲ್ ಅಕ್ಷರದಂತೆ ಮಡಿಚಿದ ಎರಕದ ಕಬ್ಬಿಣದ ತಗಡೇ ಗಾಲಿ ಜಾರದಂತೆ ತಡೆಯುತ್ತಿತ್ತು. 1804ರಲ್ಲಿ ರಿಚರ್ಡ್ ಟ್ರೆವಿಥಿಕ್ ವೇಲ್ಸಿನ ಪೆನಿಡಾರನ್‌ನಲ್ಲಿ ತನ್ನ ಉಗಿಯಂತ್ರ ಓಡಿಸಿದ್ದು ಇಂಥ ತಗಡು ದಾರಿಯ ಮೇಲೆ. ಯಂತ್ರ ಓಡಿತು, ಆದರೆ ಅದರ ಭಾರಕ್ಕೆ ತಗಡುಗಳು ಮುರಿದವು. ಎರಕದ ಕಬ್ಬಿಣ ಒತ್ತಡ ತಾಳುತ್ತದೆ, ಬಾಗಿಸುವ ಬಲ ಬಂದರೆ ಪಟ್ಟನೆ ಒಡೆಯುತ್ತದೆ. ಅಂಚುಳ್ಳ ಗಾಲಿಯೇ ಕೊನೆಗೆ ಗೆದ್ದಿತು. ಹಳಿ ಕೆಲಸದವರನ್ನು ಬ್ರಿಟನ್ನಿನಲ್ಲಿ ‘ಪ್ಲೇಟ್‌ಲೇಯರ್’ ಎಂದು ಕರೆಯುವ ರೂಢಿ ಮಾತ್ರ ಆ ತಗಡುಗಳ ಕಾಲದ್ದು.

ಎರಡನೇ ಪುಸ್ತಕ ಹೇಳುವ ಭಾರ-ಹಗುರ ಭೇದಕ್ಕೆ ಸ್ವಲ್ಪ ಆಧಾರವಿದೆ, ಅದೂ ಅಮೆರಿಕದಲ್ಲಿ. ಅಲ್ಲಿ ಬೀದಿಯ ಟ್ರಾಮಿಗೆ ‘ಸ್ಟ್ರೀಟ್ ರೈಲ್ವೆ’, ಹಲ್ಲುಹಳಿ ಹಿಡಿದು ಬೆಟ್ಟ ಹತ್ತುವ ಗಾಡಿಗೆ ‘ಕಾಗ್ ರೈಲ್ವೆ’ ಎಂದರು. 1869ರಿಂದ ಓಡುತ್ತಿರುವ ಮೌಂಟ್ ವಾಷಿಂಗ್ಟನ್ ಕಾಗ್ ರೈಲ್ವೆ ಒಂದು ಉದಾಹರಣೆ. ಇದು ಒಂದು ಒಲವು ಅಷ್ಟೆ. ದೇಶದ ಅತಿ ಭಾರದ ಸರಕು ಸಾಗಿಸುವ ಬಿಎನ್‌ಎಸ್‌ಎಫ್, ನಾರ್ಫೋಕ್ ಸದರ್ನ್ ಕಂಪನಿಗಳ ಹೆಸರಿನಲ್ಲೇ ‘ರೈಲ್ವೆ’ ಇರುವುದರಿಂದ ಇದನ್ನು ನಿಯಮ ಎಂದು ಕಲಿಸಬಾರದು.

ಪ್ರಶ್ನೆ: ಹಾಗಾದರೆ ಅಮೆರಿಕದ ಕಂಪನಿಗಳೇ ರೈಲ್ವೆ ಎಂದು ಹೆಸರಿಟ್ಟುಕೊಂಡದ್ದೇಕೆ? ಒಂದೇ ಕಂಪನಿಗೆ ಒಂದು ಕಡೆ ರೈಲ್‌ರೋಡ್, ಇನ್ನೊಂದು ಕಡೆ ರೈಲ್ವೆ ಎಂದು ಬರೆದಿರುವುದೂ ಕಾಣುತ್ತದೆ.

ಉತ್ತರ: ಬಹಳ ಸಲ ಇದರ ಹಿಂದೆ ಇರುವುದು ದಿವಾಳಿ. ಸಾಲ ತೀರಿಸಲಾಗದ ಕಂಪನಿಯ ಹಳಿ, ಗಾಡಿ, ನಿಲ್ದಾಣಗಳನ್ನು ಹೊಸದಾಗಿ ನೋಂದಾಯಿಸಿದ ಕಂಪನಿ ಕೊಳ್ಳುತ್ತಿತ್ತು. ಜನಕ್ಕೆ ಪರಿಚಯವಾದ ಹೆಸರು ಬಿಡಲಾಗದು, ಕಾನೂನಿಗೆ ಹಳೆಯ ಕಂಪನಿಯೇ ಬೇರೆ, ಹೊಸದೇ ಬೇರೆ ಎಂದು ಕಾಣಬೇಕು. ಆಗ ರೈಲ್‌ರೋಡನ್ನು ರೈಲ್ವೆ ಮಾಡಿದರೆ, ಅಥವಾ ರೈಲ್ವೆಯನ್ನು ರೈಲ್‌ರೋಡ್ ಮಾಡಿದರೆ ಕೆಲಸ ಮುಗಿಯಿತು. ಅಚಿಸನ್, ಟೊಪೀಕಾ ಆ್ಯಂಡ್ ಸ್ಯಾಂಟ ಫೆ ರೈಲ್‌ರೋಡ್ 1895ರ ಪುನರ್ರಚನೆಯಲ್ಲಿ ರೈಲ್ವೆ ಆಯಿತು. ಯೂನಿಯನ್ ಪೆಸಿಫಿಕ್ ಹೋಗಿ ಮರಳಿತು: 1862ರಲ್ಲಿ ರೈಲ್‌ರೋಡ್, 1880ರ ವಿಲೀನದಲ್ಲಿ ರೈಲ್ವೆ, ದಿವಾಳಿಯ ನಂತರ 1897ರಿಂದ ಮತ್ತೆ ರೈಲ್‌ರೋಡ್.

ಇತಿಹಾಸದ ಬರಹ ಅನುವಾದಿಸುವವರು ಇಲ್ಲಿ ಕಣ್ಣಿಡಬೇಕು. ‘ಯೂನಿಯನ್ ಪೆಸಿಫಿಕ್ ರೈಲ್ವೆ’ ಎಂದು ಮೂಲದಲ್ಲಿದ್ದರೆ ಅದು ಅಚ್ಚಿನ ತಪ್ಪಲ್ಲದಿರಬಹುದು, 1880ರಿಂದ 1897ರ ನಡುವಿನ ಕಂಪನಿಯೇ ಇರಬಹುದು. ಹೆಸರಿನ ಭಾಗವಾಗಿ ಬಂದಾಗ ಮೂಲದಲ್ಲಿ ಇರುವಂತೆಯೇ ಉಳಿಸಿ, ‘ತಿದ್ದಿ’ ಒಂದೇ ಮಾಡಬೇಡಿ. ಸಂಕ್ಷೇಪಗಳೂ ಬೇರೆ: ಆರ್‌ಆರ್ ಎಂದರೆ ರೈಲ್‌ರೋಡ್, ಆರ್‌ವೈ ಎಂದರೆ ರೈಲ್ವೆ. 1834ರಲ್ಲಿ ಸ್ಥಾಪನೆಯಾದ ‘ಲಾಂಗ್ ಐಲೆಂಡ್ ರೈಲ್ ರೋಡ್’ ಇಂದಿಗೂ ತನ್ನ ಹೆಸರಿನಲ್ಲಿ ರೈಲ್ ಮತ್ತು ರೋಡ್ ಎರಡನ್ನೂ ಬಿಡಿಸಿಯೇ ಬರೆಯುತ್ತದೆ.

ಕಾನೂನುಗಳಲ್ಲೂ ಹೀಗೇ. ಅಮೆರಿಕದ ಸುರಕ್ಷತಾ ಸಂಸ್ಥೆಯ ಹೆಸರು ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್. ಆದರೆ ಕಾರ್ಮಿಕ ಸಂಬಂಧಗಳ ಕಾಯ್ದೆ 1926ರ ರೈಲ್ವೆ ಲೇಬರ್ ಆ್ಯಕ್ಟ್. 1936ರಲ್ಲಿ ಅದನ್ನು ವಿಮಾನ ಕಂಪನಿಗಳಿಗೂ ವಿಸ್ತರಿಸಿದರು. ವಿಮಾನ ಸಿಬ್ಬಂದಿಯ ಮುಷ್ಕರದ ಸುದ್ದಿಯಲ್ಲಿ ‘ರೈಲ್ವೆ’ ಕಾಯ್ದೆಯ ಹೆಸರು ಬಂದರೆ ಅನುಮಾನಿಸಬೇಡಿ, ಅದು ಸರಿಯೇ. ಇನ್ನು ಅಲ್ಲಿನ ಸುರಕ್ಷತಾ ಕಾನೂನಿನಲ್ಲಿ ‘ರೈಲ್‌ರೋಡ್’ ಪದಕ್ಕೆ ಖಚಿತ ವ್ಯಾಖ್ಯೆಯಿದೆ. ಹಳಿಯ ಮೇಲೆ ಅಥವಾ ವಿದ್ಯುತ್ಕಾಂತ ಮಾರ್ಗದ ಮೇಲೆ ಓಡುವ ನೆಲಸಾರಿಗೆ ಅದರೊಳಗೆ ಬರುತ್ತದೆ. ಸಾಮಾನ್ಯ ರೈಲುಜಾಲಕ್ಕೆ ಸೇರದ, ಊರೊಳಗಿನ ಮೆಟ್ರೊ ಬರುವುದಿಲ್ಲ. ಹಾಗಾಗಿ ನ್ಯೂಯಾರ್ಕಿನ ಮೆಟ್ರೊ, ಅಂದರೆ ಅಲ್ಲಿನ ‘ಸಬ್‌ವೇ’, ಈ ವ್ಯಾಖ್ಯೆಯ ಪ್ರಕಾರ ರೈಲ್‌ರೋಡ್ ಅಲ್ಲ. ಕಾನೂನು ಬರಹದಲ್ಲಿ ಈ ಪದ ಕಂಡರೆ ಮೊದಲು ವ್ಯಾಖ್ಯೆಯ ಭಾಗ ಓದಿ, ಆಮೇಲೆ ಅನುವಾದಿಸಿ.

ಪ್ರಶ್ನೆ: ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಅರ್ಥ ಕೆಡುವ ಸಂದರ್ಭವೇ ಇಲ್ಲವೇ?

ಉತ್ತರ: ಇದೆ, ಅಲ್ಲಿ ಪೂರ್ತಿ ಕೆಡುತ್ತದೆ.

ಮೊದಲನೆಯದು ಕ್ರಿಯಾಪದ. ಅಮೆರಿಕದ ಇಂಗ್ಲಿಷಿನಲ್ಲಿ ‘ಟು ರೈಲ್‌ರೋಡ್’ ಎಂದರೆ ಎದುರು ಮಾತಿಗೆ ಅವಕಾಶ ಕೊಡದೆ ತಳ್ಳಿಕೊಂಡು ಹೋಗುವುದು. ಮಸೂದೆಯನ್ನು ರೈಲ್‌ರೋಡ್ ಮಾಡಿದರು ಎಂದರೆ ಚರ್ಚೆಯಿಲ್ಲದೆ ದಡಬಡ ಪಾಸು ಮಾಡಿಸಿದರು ಎಂದರ್ಥ. ಒಬ್ಬ ಮನುಷ್ಯನನ್ನು ರೈಲ್‌ರೋಡ್ ಮಾಡಿದರು ಎಂದರೆ ವಿಚಾರಣೆಯ ಶಾಸ್ತ್ರ ಮಾಡಿ ಜೈಲಿಗೆ ನೂಕಿದರು ಎಂದು. ರೈಲ್ವೆಗೆ ಈ ಅರ್ಥವಿಲ್ಲ. ಕನ್ನಡಕ್ಕೆ ತರುವಾಗ ರೈಲಿನ ಮಾತೇ ಬೇಡ. ‘ಕೇಳುವವರಿಲ್ಲದಂತೆ ಒಳಗೆ ಹಾಕಿದರು’ ಎಂದರೆ ಭಾವ ಪೂರ್ತಿ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯ. ‘ಅಂಡರ್‌ಗ್ರೌಂಡ್ ರೈಲ್ವೆ’ ಎಂದರೆ ನೆಲದಡಿಯ ರೈಲು. ಲಂಡನ್ನಿನಲ್ಲಿ 1863ರ ಜನವರಿ 10ರಂದು ತೆರೆದ ಮೆಟ್ರೊಪಾಲಿಟನ್ ರೈಲ್ವೆ ಅದರಲ್ಲಿ ಮೊದಲನೆಯದು. ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಎಂದರೆ ಹಳಿಯೂ ಇಲ್ಲ, ಸುರಂಗವೂ ಇಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡವರನ್ನು ಉತ್ತರಕ್ಕೆ, ಕೆನಡಾಕ್ಕೆ ಗುಟ್ಟಾಗಿ ದಾಟಿಸುತ್ತಿದ್ದ ಜನರ ಜಾಲದ ಹೆಸರದು. ಅವಿತಿಡುವ ಮನೆ ಅವರ ಮಾತಿನಲ್ಲಿ ‘ಸ್ಟೇಷನ್’, ದಾರಿ ತೋರಿಸುವವರು ‘ಕಂಡಕ್ಟರ್’. 1849ರಲ್ಲಿ ತಾನೇ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಹೋಗಿ ಬೇರೆಯವರನ್ನು ಕರೆತಂದ ಹ್ಯಾರಿಯೆಟ್ ಟಬ್‌ಮನ್ ಅವರಲ್ಲಿ ಹೆಸರಾದವರು. ಇದನ್ನು ‘ನೆಲದಡಿಯ ರೈಲುಮಾರ್ಗ’ ಎಂದು ಬರೆದರೆ ಓದುಗರು ಸುರಂಗ ಹುಡುಕುತ್ತಾರೆ. ಇಲ್ಲಿ ‘ಅಂಡರ್‌ಗ್ರೌಂಡ್’ ಎಂದರೆ ‘ಗುಪ್ತ’. ಮೊದಲ ಸಲ ಬಂದಾಗ ‘ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂಬ ಗುಪ್ತ ಪಾರುಗಾಣಿಕೆಯ ಜಾಲ’ ಎಂದು ಬಿಡಿಸಿ ಹೇಳಿ, ಮುಂದೆ ಹೆಸರನ್ನಷ್ಟೇ ಬಳಸಿ.

ಪ್ರಶ್ನೆ: ಅಮೆರಿಕದ ಅಪಘಾತ ವರದಿಯೊಂದನ್ನು ಅನುವಾದಿಸುತ್ತಿದ್ದೇನೆ. ಪದಕ್ಕೆ ಪದ ಇಟ್ಟರೆ ಹೀಗೆ ಬರುತ್ತದೆ: “ಮೂರನೇ ಕಾರಿನ ಮುಂದಿನ ಟ್ರಕ್ಕು ಕಪ್ಪೆಯ ಬಳಿ ಹಳಿ ತಪ್ಪಿ ನಲವತ್ತು ಟೈಗಳನ್ನು ಕಿತ್ತುಹಾಕಿತು, ಎಂಜಿನಿಯರ್ ಪಾರಾದರು.” ಏನರ್ಥ?

ಉತ್ತರ: ನಿಮ್ಮ ಪ್ರಶ್ನೆಯೇ ಈ ಇಡೀ ಅಂಕಣದ ತಿರುಳು. ರೈಲ್‌ರೋಡ್ ಒಂಟಿಯಾಗಿ ಬರುವ ಪದವಲ್ಲ, ತನ್ನ ಬಳಗವನ್ನೇ ಕರೆದುಕೊಂಡು ಬರುತ್ತದೆ. ಆ ಪದ ಕಂಡೊಡನೆ ಉಳಿದ ಪದಗಳನ್ನೂ ಅಮೆರಿಕದ ಅರ್ಥದಲ್ಲೇ ಓದಬೇಕು.

‘ಕಾರ್’ ಎಂದರೆ ರೈಲಿನ ಯಾವುದೇ ಗಾಡಿ. ಸರಕಿನದಾದರೆ ನಮ್ಮ ವ್ಯಾಗನ್, ಪ್ರಯಾಣಿಕರದಾದರೆ ಡಬ್ಬಿ. ‘ಟೈ’ ಎಂದರೆ ಹಳಿಯಡಿ ಅಡ್ಡಲಾಗಿ ಹಾಸುವ ತೊಲೆ, ನಮ್ಮ ಸ್ಲೀಪರ್. ‘ಎಂಜಿನಿಯರ್’ ಇಲ್ಲಿ ರೈಲು ಚಾಲಕ. ಬ್ರಿಟಿಷ್ ವರದಿಯಲ್ಲಾದರೆ ಎಂಜಿನಿಯರ್ ಎಂದರೆ ಎಂಜಿನಿಯರೇ.

‘ಟ್ರಕ್’ ತುಸು ತೊಡಕಿನದು. ಉದ್ದದ ಗಾಡಿಯ ಎರಡು ತುದಿಗಳಡಿ, ಸಾಮಾನ್ಯವಾಗಿ ಎರಡು ಅಚ್ಚು ನಾಲ್ಕು ಗಾಲಿಗಳಿರುವ, ತಿರುವಿನಲ್ಲಿ ತಾನೇ ಹೊರಳುವ ಚೌಕಟ್ಟು ಇರುತ್ತದಲ್ಲ, ಅದು ಟ್ರಕ್. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದರ ಹೆಸರು ‘ಬೋಗಿ’. ಕನ್ನಡದ ಓದುಗರಿಗೆ ಬೋಗಿ ಎಂದರೆ ಇಡೀ ಡಬ್ಬಿ! ಇಂಥ ಚೌಕಟ್ಟಿನ ಮೇಲೆ ಕೂತ ಡಬ್ಬಿಗೆ ಇಂಗ್ಲಿಷಿನಲ್ಲಿ ಬೋಗಿ ಕ್ಯಾರೇಜ್ ಎನ್ನುತ್ತಾರೆ; ಕನ್ನಡದಲ್ಲಿ ಚೌಕಟ್ಟಿನ ಹೆಸರೇ ಡಬ್ಬಿಗೆ ಅಂಟಿಕೊಂಡಿದೆ. ಆದ್ದರಿಂದ ಬ್ರಿಟಿಷ್ ವರದಿಯಲ್ಲಿ ಬೋಗಿಗೆ ಬಿರುಕು ಬಿಟ್ಟಿತ್ತು ಎಂದಿದ್ದರೆ ಹಾಗೇ ಇಳಿಸಬೇಡಿ, ‘ಗಾಲಿ ಚೌಕಟ್ಟು’ ಎನ್ನಿ. ಟ್ರಕ್ಕಿಗೂ ಅದೇ ಮಾತು ಸಾಕು. ಹಳೆಯ ಬ್ರಿಟಿಷ್ ಬರಹದಲ್ಲಿ ‘ಟ್ರಕ್’ ಎಂದಿದ್ದರೆ ಅದು ತೆರೆದ ಸರಕು ಗಾಡಿ ಎಂಬುದೂ ನೆನಪಿರಲಿ.

ಇನ್ನು ‘ಫ್ರಾಗ್’. ರೈಲು ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವ ಜಾಗದಲ್ಲಿ ಒಂದು ಹಳಿ ಇನ್ನೊಂದನ್ನು ಕತ್ತರಿಸಿಕೊಂಡು ಹೋಗಲೇಬೇಕು. ಗಾಲಿಯ ಅಂಚು ದಾಟಲು ಅಲ್ಲಿ ಹಳಿಯಲ್ಲಿ ತೆರಪು ಬಿಟ್ಟಿರುತ್ತಾರೆ. ಆ ವಿ ಆಕಾರದ ತುಂಡೇ ಫ್ರಾಗ್, ಬ್ರಿಟಿಷರ ‘ಕ್ರಾಸಿಂಗ್’. ಕುದುರೆಯ ಗೊರಸಿನಡಿಯ ವಿ ಆಕಾರದ ಮೆತ್ತನೆಯ ಭಾಗಕ್ಕೂ ಇಂಗ್ಲಿಷಿನಲ್ಲಿ ಫ್ರಾಗ್ ಎಂದೇ ಹೆಸರು. ಅದರ ಹೋಲಿಕೆಯಿಂದ ಬಂದದ್ದು ಎನ್ನುವುದು ರೂಢಿಯ ವಿವರಣೆ. ಅಪಘಾತ ಅಲ್ಲೇ ಆದದ್ದು ಆಕಸ್ಮಿಕವಾಗಿರಲಾರದು. ಆ ತೆರಪಿನ ಮೇಲೆ ಹಾಯುವ ಕ್ಷಣದಲ್ಲಿ ಆ ಬದಿಯ ಗಾಲಿಯ ಅಂಚಿಗೆ ದಾರಿ ತೋರಿಸುವ ಹಳಿ ಇರುವುದಿಲ್ಲ. ಅದಕ್ಕೇ ಎದುರು ಬದಿಯ ಹಳಿಯ ಪಕ್ಕ ಇನ್ನೊಂದು ತುಂಡು ಹಳಿ ಇಟ್ಟು, ಅಚ್ಚಿನ ಇನ್ನೊಂದು ಗಾಲಿಯನ್ನು ಅದು ಹಿಡಿದು ಎಳೆದುಕೊಳ್ಳುವಂತೆ ಮಾಡುತ್ತಾರೆ. ಅಮೆರಿಕದಲ್ಲಿ ಅದು ‘ಗಾರ್ಡ್ ರೈಲ್’, ಬ್ರಿಟನ್ನಿನಲ್ಲಿ ‘ಚೆಕ್ ರೈಲ್’. ಅದು ಸವೆದರೆ, ಬೋಲ್ಟು ಸಡಿಲಾದರೆ, ಗಾಲಿ ವಿ ಆಕಾರದ ಮೂಗಿಗೆ ಬಡಿಯುತ್ತದೆ ಅಥವಾ ಅದರ ತಪ್ಪು ಬದಿಗೆ ನುಗ್ಗುತ್ತದೆ. ವರದಿಯ ಮುಂದಿನ ಪುಟಗಳಲ್ಲಿ ಗಾರ್ಡ್ ರೈಲಿನ ಅಳತೆಗಳು ಬಂದರೆ ಅವು ಏಕೆ ಮುಖ್ಯ ಎಂದು ಈಗ ತಿಳಿಯುತ್ತದೆ.

ನಿಮ್ಮ ವಾಕ್ಯ ಹೀಗಾಗಲಿ: “ಮೂರನೇ ವ್ಯಾಗನ್ನಿನ ಮುಂದಿನ ಗಾಲಿ ಚೌಕಟ್ಟು ಕ್ರಾಸಿಂಗ್ ಬಳಿ ಹಳಿ ತಪ್ಪಿ ನಲವತ್ತು ಸ್ಲೀಪರುಗಳನ್ನು ಕಿತ್ತುಹಾಕಿತು, ಚಾಲಕ ಪಾರಾದರು.” ಆ ಗಾಡಿ ಸರಕಿನದೇ ಎಂಬುದನ್ನು ವರದಿಯಲ್ಲಿ ಖಚಿತಪಡಿಸಿಕೊಳ್ಳಿ. ಬರೀ ‘ಕ್ರಾಸಿಂಗ್’ ಎಂದರೆ ರಸ್ತೆ ದಾಟುವ ಗೇಟು ಎಂದು ಓದುವ ಅಪಾಯವೂ ಇದೆ, ಒಮ್ಮೆ ‘ಹಳಿಗಳು ಕೂಡುವ ಕ್ರಾಸಿಂಗ್’ ಎಂದು ಬಿಡಿಸಿ. ರಸ್ತೆಯ ಗೇಟು ಬ್ರಿಟನ್ನಿನಲ್ಲಿ ‘ಲೆವೆಲ್ ಕ್ರಾಸಿಂಗ್’, ಅಮೆರಿಕದಲ್ಲಿ ‘ಗ್ರೇಡ್ ಕ್ರಾಸಿಂಗ್’.

ಪ್ರಶ್ನೆ: ಅದೇ ಬಗೆಯ ಬರಹದಲ್ಲಿ “136 ಪೌಂಡಿನ ಹಳಿ, 2 ಪರ್ಸೆಂಟ್ ಗ್ರೇಡ್, 6 ಡಿಗ್ರಿ ಕರ್ವ್” ಎಂದಿದೆ. ಮೆಟ್ರಿಕ್‌ಗೆ ಹೇಗೆ ತರುವುದು?

ಉತ್ತರ: 136 ಪೌಂಡು ಇಡೀ ಹಳಿಯ ತೂಕವಲ್ಲ, ಒಂದು ಗಜದ್ದು. 0.496ರಿಂದ ಗುಣಿಸಿದರೆ ಮೀಟರಿಗೆ ಇಷ್ಟು ಕೆಜಿ ಎಂದು ಬರುತ್ತದೆ. 136ಕ್ಕೆ ಸುಮಾರು 67.5 ಕೆಜಿ. ‘136 ಪೌಂಡ್ ಅಂದರೆ 62 ಕೆಜಿ’ ಎಂದು ಬರೆದರೆ ಅಂಕಿ ಸರಿ, ಅರ್ಥ ತಪ್ಪು.

‘ಗ್ರೇಡ್’ ಎಂದರೆ ಏರು. 2 ಪರ್ಸೆಂಟ್ ಎಂದರೆ 100 ಮೀಟರಿಗೆ 2 ಮೀಟರ್ ಏರಿಕೆ. ಬ್ರಿಟಿಷ್ ಪದ್ಧತಿಯಲ್ಲಿ ಅದು ‘50ಕ್ಕೆ 1’. ಇದನ್ನು 2 ಡಿಗ್ರಿ ಎಂದು ಓದಿಬಿಡಬೇಡಿ. 2 ಪರ್ಸೆಂಟಿನ ಕೋನ 1.15 ಡಿಗ್ರಿ ಮಾತ್ರ. 2 ಡಿಗ್ರಿ ಎಂದರೆ ಸುಮಾರು 3.5 ಪರ್ಸೆಂಟ್, ಅದು ಸಾಮಾನ್ಯ ರೈಲಿಗೆ ಬಹಳ ಕಡಿದಾದ ಏರು.

ತಿರುವಿನ ಡಿಗ್ರಿಯ ಲೆಕ್ಕ ಬೇರೆ. 100 ಅಡಿಯ ಜ್ಯಾ (ವೃತ್ತದ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆ) ವೃತ್ತದ ಕೇಂದ್ರದಲ್ಲಿ ಎಷ್ಟು ಕೋನ ಮಾಡುತ್ತದೆಯೋ ಅದೇ ತಿರುವಿನ ಡಿಗ್ರಿ. ಹಾಗಾಗಿ ಡಿಗ್ರಿ ಹೆಚ್ಚಿದಷ್ಟೂ ತಿರುವು ಬಿಗಿ. ಸುಲಭ ಸೂತ್ರ: 1746ನ್ನು ಡಿಗ್ರಿಯಿಂದ ಭಾಗಿಸಿ, ಮೀಟರಿನಲ್ಲಿ ತ್ರಿಜ್ಯ ಸಿಗುತ್ತದೆ. 6 ಡಿಗ್ರಿಗೆ 291 ಮೀಟರ್. ಹಳೆಯ ಬ್ರಿಟಿಷ್ ಬರಹದಲ್ಲಿ ತ್ರಿಜ್ಯ ‘ಚೈನ್’ಗಳಲ್ಲಿರುತ್ತದೆ, ಒಂದು ಚೈನ್ 66 ಅಡಿ, 20.1 ಮೀಟರ್.

ಟನ್ನಿನಲ್ಲೂ ಎಡವುವವರಿದ್ದಾರೆ. ಅಮೆರಿಕದ ಟನ್ 2,000 ಪೌಂಡು, 907 ಕೆಜಿ. ಹಳೆಯ ಬ್ರಿಟಿಷ್ ಟನ್ 2,240 ಪೌಂಡು, 1,016 ಕೆಜಿ. ನೂರು ಟನ್ನಿನ ವ್ಯಾಗನ್ನಿನಲ್ಲಿ ಹತ್ತು ಟನ್ನಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಹಳಿಯ ನಡುವಿನ ಅಗಲ ಮಾತ್ರ ಎರಡೂ ಕಡೆ ಒಂದೇ: 4 ಅಡಿ 8½ ಅಂಗುಲ, 1,435 ಮಿಮೀ.

ಪ್ರಶ್ನೆ: ‘ಲೈಟ್ ರೈಲ್ವೆ’ ಮತ್ತು ‘ಲೈಟ್ ರೈಲ್’ ಒಂದೇನಾ?

ಉತ್ತರ: ಅಲ್ಲ. ಲೈಟ್ ರೈಲ್ವೆ ಬ್ರಿಟನ್ನಿನ ಹಳೆಯ ಮಾತು. ಜನಸಂಚಾರ ಕಡಿಮೆ ಇರುವ ಹಳ್ಳಿಗಾಡಿನಲ್ಲಿ ಅಗ್ಗವಾಗಿ ದಾರಿ ಹಾಕಲು 1896ರ ಲೈಟ್ ರೈಲ್ವೇಸ್ ಆ್ಯಕ್ಟ್ ದಾರಿ ಮಾಡಿತು. ಹಗುರ ಹಳಿ, ಕಡಿಮೆ ಅಚ್ಚುಭಾರ (ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ), ಗಂಟೆಗೆ 25 ಮೈಲಿಯ ಮಿತಿ, ಗೇಟು-ಸಿಗ್ನಲ್‌ಗಳಲ್ಲಿ ರಿಯಾಯಿತಿ. ಲೈಟ್ ರೈಲ್ 1972ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ, ನಗರದ ಟ್ರಾಮಿನ ಸುಧಾರಿತ ರೂಪಕ್ಕೆ. ಇಲ್ಲಿ ‘ಲೈಟ್’ ಹಳಿಯ ತೂಕವನ್ನು ಕುರಿತದ್ದಲ್ಲ, ಒಂದು ದಿಕ್ಕಿನಲ್ಲಿ ಸಾಗಿಸುವ ಜನರ ಪ್ರಮಾಣವನ್ನು ಕುರಿತದ್ದು. ‘ಲೈಟ್ ಎಂಜಿನ್’ ಎಂದು ಕಂಡರೆ ಅದು ಮೂರನೆಯದೇ ಅರ್ಥ: ಡಬ್ಬಿಗಳಿಲ್ಲದೆ ಒಂಟಿಯಾಗಿ ಓಡುವ ಎಂಜಿನ್, ಅದರ ತೂಕ ಎಷ್ಟೇ ಇರಲಿ.

ಪ್ರಶ್ನೆ: ಕೊನೆಗೆ, ಕನ್ನಡದಲ್ಲಿ ರೈಲ್‌ರೋಡಿಗೆ ಯಾವ ಪದ?

ಉತ್ತರ: ಮೂರರಲ್ಲಿ ಒಂದು. ವ್ಯವಸ್ಥೆ ಅಥವಾ ಸಂಸ್ಥೆಯಾದರೆ ‘ರೈಲ್ವೆ’, ಊರಿಂದೂರಿಗೆ ಹೋಗುವ ದಾರಿಯಾದರೆ ‘ರೈಲುಮಾರ್ಗ’, ಕಣ್ಣಿಗೆ ಕಾಣುವ ಉಕ್ಕಿನ ಪಟ್ಟಿಯಾದರೆ ‘ಹಳಿ’. ‘ರೈಲ್‌ರೋಡಿನ ಮೇಲೆ ನಡೆದು ಹೋದ’ ಎಂದಿದ್ದರೆ ಹಳಿಯ ಮೇಲೆ ನಡೆದ. ‘ರೈಲ್‌ರೋಡಿನಲ್ಲಿ ಕೆಲಸಕ್ಕಿದ್ದ’ ಎಂದಿದ್ದರೆ ರೈಲ್ವೆಯಲ್ಲಿದ್ದ.

ಇದಕ್ಕಿಂತ ಹೆಚ್ಚು ತಪ್ಪಾಗುವುದು ಬರೀ ‘ರೈಲ್’ ಎಂಬ ಪದದಲ್ಲಿ. ಇಂಗ್ಲಿಷಿನಲ್ಲಿ ಬಿಡಿ ವಸ್ತುವಾಗಿ ಅದು ಹಳಿ. ಕನ್ನಡಕ್ಕೆ ಬಂದು ‘ರೈಲು’ ಆದಾಗ ಅದು ಗಾಡಿಯಾಯಿತು. ‘ಬ್ರೋಕನ್ ರೈಲ್’ ಎಂದರೆ ಮುರಿದ ಹಳಿ, ಕೆಟ್ಟು ನಿಂತ ರೈಲಲ್ಲ. ‘ಥರ್ಡ್ ರೈಲ್’ ಎಂದರೆ ಮೂರನೇ ರೈಲುಗಾಡಿಯಲ್ಲ, ಓಡುವ ಎರಡು ಹಳಿಗಳ ಪಕ್ಕದಲ್ಲಿದ್ದು ಸಾಮಾನ್ಯವಾಗಿ 600ರಿಂದ 750 ವೋಲ್ಟಿನ ಡಿಸಿ ವಿದ್ಯುತ್ ಹೊತ್ತಿರುವ ಹಳಿ, ಮುಟ್ಟಿದರೆ ಸಾವು. ಅಮೆರಿಕದ ರಾಜಕೀಯ ಬರಹದಲ್ಲಿ ಒಂದು ವಿಷಯವನ್ನು ಥರ್ಡ್ ರೈಲ್ ಎಂದು ಕರೆದಿದ್ದರೆ, ಮುಟ್ಟಿದ ರಾಜಕಾರಣಿ ಸುಟ್ಟುಕೊಳ್ಳುವ ವಿಷಯ ಎಂದರ್ಥ. ‘ಬೈ ರೈಲ್’ ಎಂದಾಗ ಮಾತ್ರ ನಿಶ್ಚಿಂತೆಯಿಂದ ‘ರೈಲಿನಲ್ಲಿ’ ಎನ್ನಬಹುದು.